ಮೂಲ ಊರು ಯಾವುದು, ಚಿತ್ರಕ್ಕೆ ಎಷ್ಟು: ದಾವಣಗೆರೆಯ ಪೇಂಟರ್ ಒಬ್ಬನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಷ್ ಹಿಡಿದು ಐವತ್ತು ವರ್ಷ ದಾಟಿತು. ಅಂಗಡಿಗೆ ಬರುವವರು ಬದಲಾಗಿದ್ದಾರೆ, ಅವರು ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ. "ಅಪ್ಪಾ, ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀರಿ, ಒಂದ್ಸಲ ಬರೆದಿಟ್ಬಿಡಿ" ಅಂದಳು ಮಗಳು. ಬರೆದಿದ್ದೇನೆ. ಓದಿಕೊಂಡು ಬನ್ನಿ, ಬಂದ ಮೇಲೆ ಬೇರೆ ಏನಾದ್ರೂ ಮಾತಾಡೋಣ.

ನಿಮ್ಮ ಮೂಲ ಊರು ಯಾವುದು?

ದಾವಣಗೆರೆ. ಹಳೇ ಪೇಟೆಯಲ್ಲಿ ಹುಟ್ಟಿದವನು. ದುರ್ಗಾಂಬಿಕೆ ಜಾತ್ರೆಯಲ್ಲಿ ಕಳೆದುಹೋಗಿ, ಮಂಡಕ್ಕಿ ಅಂಗಡಿಯ ಮುಂದೆ ಸಿಕ್ಕವನು.

ಇಷ್ಟಕ್ಕೇ ಯಾರೂ ಬಿಡುವುದಿಲ್ಲ. "ಅದಲ್ರೀ, ಮೂಲ ಮೂಲ" ಅಂತಾರೆ. ಸರಿ. ನಾವು ಭಾವಸಾರ ಕ್ಷತ್ರಿಯರು. ಬಟ್ಟೆಗೆ ಬಣ್ಣ ಹಾಕುವುದು, ಅಚ್ಚು ಒತ್ತುವುದು ನಮ್ಮ ಹಳೇ ಕಸುಬು. ಆಮೇಲೆ ಹೊಲಿಗೆ ಮಿಷನ್ ಮುಂದೆ ಕೂತವರೇ ಜಾಸ್ತಿ. ಸೌರಾಷ್ಟ್ರದಿಂದ ಹೊರಟು, ಮಹಾರಾಷ್ಟ್ರದಲ್ಲಿ ಎಷ್ಟೋ ತಲೆಮಾರು ಕಳೆದು, ಅಲ್ಲಿಂದ ಈ ಕಡೆ ಇಳಿದೆವು ಅಂತ ಹಿರಿಯರು ಹೇಳುತ್ತಿದ್ದರು. ನಮ್ಮ ಮನೆದೇವರು ಹಿಂಗುಲಾಂಬಿಕೆ. ಆಕೆಯ ಮೂಲ ಗುಡಿ ಇರುವುದು ಬಲೂಚಿಸ್ತಾನದಲ್ಲಿ, ಹಿಂಗೋಲ್ ಅನ್ನುವ ನದಿಯ ದಡದಲ್ಲಿ. ಈಗ ಅದು ಪಾಕಿಸ್ತಾನ. ಹಾಗಾಗಿ "ಮೂಲ ಮೂಲ" ಅಂತ ಕೇಳುತ್ತಾ ಹೋದರೆ ಉತ್ತರ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ!

ನಮ್ಮ ಮುತ್ತಜ್ಜ ಸೊಲ್ಲಾಪುರದ ಕಡೆಯಿಂದ ಬಂದವರು. ಯಾಕೆ ಬಂದರು ಅನ್ನುವುದಕ್ಕೆ ನಮ್ಮ ಆಜಿ ಎರಡು ಕಥೆ ಇಟ್ಟುಕೊಂಡಿದ್ದಳು. ಖುಷಿಯಾಗಿದ್ದ ದಿನ, ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರ ಜೋರಾಗಿದೆ ಅಂತ ಕೇಳಿ ಬಂದರು. ಸಿಟ್ಟಿದ್ದ ದಿನ, ಅಣ್ಣತಮ್ಮಂದಿರು ಒಂದು ತಾಮ್ರದ ಹಂಡೆಗೆ ಜಗಳ ಆಡಿ ಬಂದರು. ಎರಡು ಕಥೆಯಲ್ಲೂ ಒಂದು ಮಾತ್ರ ಒಂದೇ ಥರ ಇರುತ್ತಿತ್ತು. ಹರಿಹರದ ಹತ್ತಿರ ತುಂಗಭದ್ರೆ ದಾಟುವಾಗ ಮುತ್ತಜ್ಜ ರೈಲಿನ ಕಿಟಕಿಯಿಂದ ಒಂದು ಕಾಸು ಹೊಳೆಗೆ ಎಸೆದರಂತೆ. ಆಗ ಹೊಳೆಯ ಆ ಕಡೆ ಬಾಂಬೆ ಸರ್ಕಾರ, ಈ ಕಡೆ ಮೈಸೂರು ಮಹಾರಾಜರು. ಒಂದು ಸೇತುವೆ ದಾಟಿದರೆ ಬೇರೆ ರಾಜ್ಯ.

ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?

ಮರಾಠಿ ಅಂತ ನಾವು ಅಂದುಕೊಂಡಿದ್ದೇವೆ. ಪಂಢರಪುರಕ್ಕೆ ಹೋದಾಗ ಅಲ್ಲಿಯವರು ನಗುತ್ತಾರೆ. ನಮ್ಮ ಮರಾಠಿಯಲ್ಲಿ ಅರ್ಧ ದಾವಣಗೆರೆ ಕನ್ನಡ ಇದೆ. ಲೆಕ್ಕ, ಬೈಗುಳ, ಕನಸು ಮೂರೂ ನನಗೆ ಕನ್ನಡದಲ್ಲೇ. ಮೊಮ್ಮಕ್ಕಳಿಗೆ ಮರಾಠಿ ಅರ್ಥ ಆಗುತ್ತದೆ, ಉತ್ತರ ಕನ್ನಡದಲ್ಲಿ ಬರುತ್ತದೆ.

ಹಾಗಾದ್ರೆ ಬಣ್ಣ ನಿಮ್ಮ ರಕ್ತದಲ್ಲೇ ಬಂದಿದೆ, ಅಲ್ವಾ?

ಇದನ್ನು ಕೇಳುವವರಿಗೆ ಹೌದು ಅನ್ನಿಸಿಕೊಳ್ಳುವ ಆಸೆ. ರಕ್ತದಲ್ಲಿ ನನಗೆ ಬಂದಿದ್ದು ಸಕ್ಕರೆ ಕಾಯಿಲೆ ಮಾತ್ರ. ಬಣ್ಣ ಬಂದಿದ್ದು ಹಿತ್ತಲಿನಿಂದ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಬಣ್ಣದ ಕೆಲಸ ಮುಗಿಯುತ್ತಾ ಬಂದಿತ್ತು. ಅಪ್ಪ ಟೈಲರ್. ಆದರೆ ಆಜಿ ಹಠಕ್ಕೆ ಹಿತ್ತಲಲ್ಲಿ ಎರಡು ಮಡಕೆ ಇಟ್ಟುಕೊಂಡಿದ್ದಳು. ಒಂದರಲ್ಲಿ ಕಪ್ಪು. ಹಳೇ ಲಾಳ, ಮೊಳೆ, ತುಕ್ಕು ಹಿಡಿದ ಬೀಗ ಎಲ್ಲ ಹಾಕಿ, ಬೆಲ್ಲದ ನೀರು ಸುರಿದು, ಎರಡು ಮೂರು ವಾರ ಮುಚ್ಚಿಡುವುದು. ಮುಚ್ಚಳ ತೆಗೆದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು, ಅಂಥ ವಾಸನೆ. ಅಳಲೆಕಾಯಿ ನೀರಲ್ಲಿ ನೆನೆಸಿ ಒಣಗಿಸಿದ ಬಟ್ಟೆಯನ್ನು ಅದರಲ್ಲಿ ಅದ್ದಿದರೆ, ನೋಡುತ್ತಾ ನೋಡುತ್ತಾ ಹಳದಿ ಬಟ್ಟೆ ಕಪ್ಪಾಗುತ್ತಿತ್ತು. ಬಟ್ಟೆಗೆ ಕಪ್ಪು ಹಚ್ಚಿದ ಹಾಗೆ ಕಾಣುತ್ತಿರಲಿಲ್ಲ, ಬಟ್ಟೆಯ ಒಳಗಿನಿಂದ ಕಪ್ಪು ಎದ್ದು ಬಂದ ಹಾಗೆ.

ಇನ್ನೊಂದು ನೀಲಿ ಮಡಕೆ. ಅದರ ಆಟವನ್ನು ನಾನು ನೋಡಿದ್ದು ಒಂದೇ ಸಲ. ಆಜಿ ಮಡಕೆಯಿಂದ ಬಟ್ಟೆ ಎತ್ತಿದಳು. ಅದು ಹಸಿರು, ಗಿಳಿಹಸಿರು! "ಆಜಿ, ಕೆಟ್ಟುಹೋಯ್ತು" ಅಂತ ಕೂಗಿದೆ. ಆಕೆ ಮಾತಾಡದೆ ಬಟ್ಟೆ ಕೊಡವಿ ಗಾಳಿಗೆ ಹಿಡಿದಳು. ಅಂಚಿನಿಂದ ನೀಲಿ ತಿರುಗತೊಡಗಿತು. ನೀಲಿ ಬಣ್ಣಕ್ಕೆ ಗಾಳಿ ತಾಗಿದರೇ ನೀಲಿ ಅಂತ ಆಮೇಲೆ ಗೊತ್ತಾಯಿತು. ಆವತ್ತು ಆಕೆ ಹೇಳಿದ್ದು ಇಷ್ಟೇ: "ಒದ್ದೆ ಬಟ್ಟೆ ಸುಳ್ಳು ಹೇಳುತ್ತೆ. ಒಣಗೋ ತನಕ ಬಾಯಿ ಮುಚ್ಚಿಕೊಂಡಿರು."

ಇನ್ನೊಂದು ಮಾತು, ಇದು ನಾನು ದೊಡ್ಡವನಾದ ಮೇಲೆ ನಿಘಂಟಿನಲ್ಲಿ ಕಂಡದ್ದು. ಹಿಂಗುಲ ಅಂದರೆ ಕೆಂಪು ಬಣ್ಣ, ನಮ್ಮ ಇಂಗಳೀಕ. ಹಳೇ ಮೈಸೂರು ಚಿತ್ರಗಳಲ್ಲಿ ಕೆಂಪಿಗೆ ಬಳಸುತ್ತಿದ್ದದ್ದು ಅದನ್ನೇ. ಬಣ್ಣ ಹಾಕುವವರ ಮನೆದೇವರ ಹೆಸರಲ್ಲೇ ಕೆಂಪು ಇದೆ. ಇದು ಸುಮ್ನೆ ಹೊಂದಿಕೆಯಾಗಿದ್ದೋ ಏನೋ. ಆದರೂ ಕೆಂಪಿನ ಟ್ಯೂಬ್ ಬಿಚ್ಚುವಾಗ ಒಮ್ಮೊಮ್ಮೆ ನೆನಪಾಗುತ್ತದೆ.

ಯಾರ ಹತ್ತಿರ ಕಲಿತಿರಿ?

ಉಸ್ತಾದರ ಹತ್ತಿರ. ಬೋರ್ಡ್ ಬರೆಯುವವರು. ಅವರ ಮನೆಮಾತು ಉರ್ದು, ನನ್ನದು ಮರಾಠಿ, ಬರೆಯುತ್ತಿದ್ದದ್ದು ಕನ್ನಡ. ಅವರಷ್ಟು ಚೆಂದದ ಕನ್ನಡ ಅಕ್ಷರ ಬರೆದವರನ್ನು ನಾನು ಈ ಊರಲ್ಲಿ ಕಂಡಿಲ್ಲ.

ಮೊದಲ ವರ್ಷ ಬ್ರಷ್ ತೊಳೆಯುವುದು, ತಗಡು ಉಜ್ಜುವುದು, ರೆಡ್ ಆಕ್ಸೈಡ್ ಹೊಡೆಯುವುದು. ಎರಡನೇ ವರ್ಷ ಗೆರೆ: ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಎರಡು ತುದಿ ಎಳೆದು ಹಿಡಿದು, ನಡುವೆ ಮಿಡಿಯುವುದು. ಅಕ್ಷರಕ್ಕೆ ಕೈ ಹಾಕಿದ್ದು 1973ರಲ್ಲಿ. ಆ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಯಿತು. ಊರಿನ ತುಂಬ ಬೋರ್ಡ್ ತಿದ್ದುವ ಕೆಲಸ, ಉಸ್ತಾದರಿಗೆ ಕೈ ಸಾಲದು. "ಬೇಟಾ, ಇವತ್ತಿಂದ ನೀನೂ ಬರಿ" ಅಂದರು. ನಾನು ಬಣ್ಣದಲ್ಲಿ ಬರೆದ ಮೊದಲ ಪದ "ಕರ್ನಾಟಕ". "ಮೈಸೂರು" ಇದ್ದ ಮೂರು ಅಕ್ಷರದ ಜಾಗದಲ್ಲಿ ನಾಲ್ಕು ಅಕ್ಷರ ಕೂರಿಸಬೇಕಿತ್ತು. ಕೊನೆಯ "ಕ" ಚೌಕಟ್ಟಿಗೆ ತಾಗಿತು. ಉಸ್ತಾದರು ಅದನ್ನು ಹಾಗೇ ಬಿಟ್ಟರು, ದಿನಾ ಕಣ್ಣಿಗೆ ಬೀಳಲಿ ಅಂತ.

ಕನ್ನಡದಲ್ಲಿ ಬೋರ್ಡ್ ಬರೆಯುವುದು ಅಷ್ಟು ಕಷ್ಟವಾ?

ಇಂಗ್ಲಿಷ್ ಅಕ್ಷರ ಕಡ್ಡಿ ಜೋಡಿಸಿದ ಹಾಗೆ. ಕನ್ನಡ ಹಾಗಲ್ಲ, ದುಂಡು. ಬ್ರಷ್ಷನ್ನು ಬೆರಳ ನಡುವೆ ತಿರುಗಿಸುತ್ತಾ ಹೋಗಬೇಕು. ತಲೆಕಟ್ಟು ಮೇಲೆ, ಒತ್ತು ಕೆಳಗೆ, ಕೊಂಬು ಪಕ್ಕಕ್ಕೆ. ಯಾವ ಅಕ್ಷರದ ಮನೆ ಎಷ್ಟು ದೊಡ್ಡದು ಅಂತ ಮೊದಲೇ ಲೆಕ್ಕ ಹಾಕದಿದ್ದರೆ ಕೆಟ್ಟಿತು.

ಇದು ನನಗೆ ಚೆನ್ನಾಗಿ ಅರ್ಥವಾದದ್ದು 1997ರಲ್ಲಿ. ಆ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆ ಆಯಿತು. "ಚಿತ್ರದುರ್ಗ ಜಿಲ್ಲೆ" ಅಂತಿದ್ದ ಬೋರ್ಡುಗಳನ್ನೆಲ್ಲ "ದಾವಣಗೆರೆ ಜಿಲ್ಲೆ" ಮಾಡಬೇಕು. ಚಿತ್ರದುರ್ಗ ನಾಲ್ಕು ಅಕ್ಷರ. ಆದರೆ ಕೆಳಗೆ "ತ್ರ"ದ ಒತ್ತಿದೆ, ಪಕ್ಕದಲ್ಲಿ ಅರ್ಕಾವೊತ್ತು ಇದೆ. ದಾವಣಗೆರೆ ಐದು ಅಕ್ಷರ, ಒಂದೂ ಒತ್ತಿಲ್ಲ. ಹಳೇ ಅಳತೆಯಲ್ಲಿ ಬರೆದರೆ ಅಡ್ಡಕ್ಕೆ ಜಾಗ ಸಾಲದು, ಕೆಳಗೆ ಜಾಗ ಖಾಲಿ. ಮೂರು ತಿಂಗಳು ಇದೇ ಕೆಲಸ. ರಾತ್ರಿ ಮಲಗಿದರೂ ಬೆರಳು "ಣ" ತಿರುಗಿಸುತ್ತಿತ್ತು.

ಪಾಪ, ಹರಪನಹಳ್ಳಿಯವರ ಕಥೆ ನೋಡಿ. ಬಳ್ಳಾರಿ ಜಿಲ್ಲೆ ಇತ್ತು, 1997ರಲ್ಲಿ ನಮಗೆ ಸೇರಿತು, ಆಮೇಲೆ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಇದ್ದಲ್ಲೇ ಇದೆ. ನಮ್ಮ ಮುತ್ತಜ್ಜ ರೈಲು ಹತ್ತಿಯಾದರೂ ಜಿಲ್ಲೆ ಬದಲಾಯಿಸಿದರು.

ದಾವಣಗೆರೆಯಲ್ಲೇ ಕಲಾಶಾಲೆ ಇದೆಯಲ್ಲ, ಅಲ್ಲಿ ಓದಲಿಲ್ಲವಾ?

ಇಲ್ಲ. 1964ರಲ್ಲಿ ಶುರುವಾದ ಶಾಲೆ ಅದು. ಈಗ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಢುಂಕಿ. ಅಪ್ಪನಿಗೆ ನಾನು ಕಾಜ ಹೊಲಿದರೆ ಸಾಕಿತ್ತು. ಆದರೆ ಅಲ್ಲಿಯ ಹುಡುಗರ ಪ್ರದರ್ಶನ ಒಂದನ್ನೂ ಬಿಟ್ಟವನಲ್ಲ. ಬೆಳಕು ಎಡಗಡೆಯಿಂದ ಬಿದ್ದರೆ ಮಡಕೆಯ ಬಲಗಡೆ ನೆರಳಲ್ಲೂ ಒಂದು ತೆಳು ಬೆಳಕು ಇರುತ್ತದೆ ಅಂತ ಮೊದಲು ನೋಡಿದ್ದು ಅಲ್ಲಿ, ಯಾರೋ ವಿದ್ಯಾರ್ಥಿಯ ಚಿತ್ರದಲ್ಲಿ. ಮನೆಗೆ ಬಂದು ಆಜಿಯ ಖಾಲಿ ಮಡಕೆ ನೋಡಿದೆ. ಇತ್ತು! ಇಷ್ಟು ವರ್ಷ ಕಂಡಿರಲೇ ಇಲ್ಲ. ನನ್ನ ಮಗಳು ಅದೇ ಕಾಲೇಜಿನಲ್ಲಿ ಓದಿದಳು. ನನ್ನ ತಪ್ಪುಗಳಿಗೆ ಈಗ ಆಕೆ ಹೆಸರು ಇಟ್ಟು ಹೇಳುತ್ತಾಳೆ.

ನಾಟಕದ ಪರದೆ ಬರೆದಿದ್ದೀರಂತೆ?

ಹೌದು, ಒಂದಷ್ಟು ವರ್ಷ. ದಾವಣಗೆರೆ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಬೇರೆ ಕಂಪನಿಗಳೂ ಬಂದು ಟೆಂಟ್ ಹಾಕುತ್ತಿದ್ದವು. ಪರದೆ ಕೆಲಸಕ್ಕೆ ಉಸ್ತಾದರನ್ನು ಕರೆಯುತ್ತಿದ್ದರು, ಬಾಲಂಗೋಚಿಯಾಗಿ ನಾನು. ಅರಮನೆ, ಬೀದಿ, ಕಾಡು. ಈ ಮೂರು ಪರದೆ ಇಲ್ಲದೆ ನಾಟಕ ಇಲ್ಲ.

ಬಟ್ಟೆಯನ್ನು ನೆಲಕ್ಕೆ ಹಾಸಿ, ಬಿದಿರು ಕೋಲಿಗೆ ಬ್ರಷ್ ಕಟ್ಟಿ, ಅದರ ಮೇಲೇ ನಡೆಯುತ್ತಾ ಬರೆಯಬೇಕು. ಪುಡಿ ಬಣ್ಣಕ್ಕೆ ಬಿಸಿ ಅಂಟು ಬೆರೆಸುತ್ತೇವೆ. ಈ ಬಣ್ಣದ ಗುಣ ಏನಪ್ಪಾ ಅಂದರೆ, ಹಸಿಯಿದ್ದಾಗ ಗಾಢ, ಒಣಗಿದರೆ ಬಿಳಿಚಿಕೊಳ್ಳುತ್ತದೆ. ನನಗೆ ಒಮ್ಮೆ ಕಾಡಿನ ಪರದೆಯ ಆಕಾಶ ಬಿಟ್ಟುಕೊಟ್ಟರು. ಮುಸ್ಸಂಜೆಯ ನೀಲಿ ಹದವಾಗಿ ಬಂತು ಅಂತ ಹಿಗ್ಗಿ ಮಲಗಿದೆ. ಬೆಳಗ್ಗೆ ನೋಡಿದರೆ ಮುಸ್ಸಂಜೆ ಇಲ್ಲ, ಸುಣ್ಣ ಹೊಡೆದ ಗೋಡೆ! ಅವತ್ತೇ ಸಂಜೆ ನಾಟಕ. ಮ್ಯಾನೇಜರು ಕೂಗಾಡಿದರು, ಉಸ್ತಾದರು ನಕ್ಕರು. ಒದ್ದೆ ಬಟ್ಟೆ ಸುಳ್ಳು ಹೇಳುತ್ತೆ ಅಂತ ಆಜಿ ಹೇಳಿದ್ದಳಲ್ಲ. ಅಲ್ಲಿಂದ ಈಚೆಗೆ ಯಾವ ಬಣ್ಣ ಬೆರೆಸಿದರೂ ಒಂದು ಚೂರು ಕಾಗದಕ್ಕೆ ಹಚ್ಚಿ ಒಣಗಿಸಿ ನೋಡುತ್ತೇನೆ. ಅಂಟಿನ ಬಣ್ಣ ಒಣಗಿದರೆ ತಿಳಿ, ಅಕ್ರಿಲಿಕ್ ಒಣಗಿದರೆ ಸ್ವಲ್ಪ ಗಾಢ. ಎಣ್ಣೆ ಬಣ್ಣ ಹೆಚ್ಚುಕಮ್ಮಿ ಮಾತು ಉಳಿಸಿಕೊಳ್ಳುತ್ತದೆ, ಆದರೆ ಒಣಗುವುದಕ್ಕೆ ದಿನಗಟ್ಟಲೆ ತೆಗೆದುಕೊಳ್ಳುತ್ತದೆ.

ಫ್ಲೆಕ್ಸ್ ಬಂದ ಮೇಲೆ ಏನು ಮಾಡಿದಿರಿ?

ಮೊದಲು ಬೈದೆ. ಆಮೇಲೆ ಸಾಲ ಮಾಡಿದೆ. ನಾವು ಎರಡು ದಿನ ಬರೆಯುತ್ತಿದ್ದದ್ದನ್ನು ಮಿಷನ್ನು ಚಹಾ ಕುಡಿಯುವಷ್ಟರಲ್ಲಿ ಉಗುಳುತ್ತಿತ್ತು. ಜೊತೆಯ ಹುಡುಗರಲ್ಲಿ ಒಬ್ಬ ಆಟೋ ಓಡಿಸಿದ, ಒಬ್ಬ ಮನೆಗಳಿಗೆ ಬಣ್ಣ ಹೊಡೆಯಲು ಹೋದ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಫ್ಲೆಕ್ಸೂ ಸೇರಿತ್ತು. ನಾಲ್ಕು ಜನ ಹುಡುಕಿಕೊಂಡು ಬಂದರು. ಮತ್ತೆ ಎನಾಮಲ್ ಡಬ್ಬಿ ತೆಗೆದೆ. ಅದು ಎಷ್ಟು ದಿನ ನಡೆಯಿತು ಅಂತ ನಮ್ಮ ಸರ್ಕಲ್ಲುಗಳಲ್ಲಿ ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ.

ಕೆಲಸ ಇಲ್ಲದ ಆ ದಿನಗಳಲ್ಲೇ ದುರ್ಗದ ಬಸ್ ಹತ್ತಿದ್ದು.

ದುರ್ಗದ ಬಂಡೆಗಳನ್ನೇ ಯಾಕೆ ಬರೆಯುತ್ತೀರಿ?

ಇಲ್ಲಿಂದ ಸುಮಾರು 60 ಕಿಲೋಮೀಟರ್. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಬಿಸಿಲೇರುವ ಮೊದಲೇ ಕೋಟೆ ಒಳಗೆ ಇರಬಹುದು. ಮೊದಲ ಸಲ ಹೋದಾಗ ಬಂಡೆಗೆ ಬೂದು ಬಣ್ಣ ಬೆರೆಸಿಕೊಂಡು ಕೂತೆ. ಬಂಡೆ ಅಂದರೆ ಬೂದು, ಅಲ್ವಾ? ಬೋರ್ಡ್ ಬರೆಯುವವನ ತಲೆ ಅದು. ಬಾಳೆಹಣ್ಣು ಹಳದಿ, ಎಲೆ ಹಸಿರು, ಬಂಡೆ ಬೂದು.

ಬೆಳಗ್ಗೆ ಏಳಕ್ಕೆ ಆ ಬಂಡೆ ಗುಲಾಬಿ ಇತ್ತು. ಒಂಬತ್ತಕ್ಕೆ ಮೂಡಣದ ಮೈ ಬೆಣ್ಣೆ ಬಣ್ಣ, ನೆರಳಿನ ಮೈ ನೇರಳೆ. ಮಧ್ಯಾಹ್ನ ಬಣ್ಣವೇ ಇಲ್ಲ, ಕಣ್ಣು ಬಿಡಲಾಗದ ಬಿಳುಪು. ನಾಲ್ಕರ ಹೊತ್ತಿಗೆ ಒಂದು ಮೋಡ ಬಂದು ನಾಲ್ಕು ಹನಿ ಉದುರಿತು. ಒದ್ದೆಯಾದ ಕಡೆಯೆಲ್ಲ ಬಂಡೆ ಕಪ್ಪು, ಮೇಲಿಂದ ಕೆಳಕ್ಕೆ ಪಟ್ಟೆ ಪಟ್ಟೆ. ಹಿತ್ತಲ ಮಡಕೆಯಿಂದ ತೆಗೆದ ಬಟ್ಟೆಯ ಹಾಗೆ! ಕಾಲು ಗಂಟೆಯಲ್ಲಿ ಒಣಗಿ ಮತ್ತೆ ಬೇರೆ ಬಣ್ಣ. ಆ ದಿನ ಒಂದೂ ಚಿತ್ರ ಆಗಲಿಲ್ಲ. ಬಣ್ಣದ ತುಂಡುಗಳನ್ನು ಕಾಗದದ ಮೇಲೆ ಸಾಲಾಗಿ ಹಚ್ಚಿ, ಪಕ್ಕದಲ್ಲಿ ಹೊತ್ತು ಬರೆದುಕೊಂಡು ಬಂದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ, ಮಾರುವುದಿಲ್ಲ.

ಆಮೇಲೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಅಕ್ಕತಂಗಿಯರ ಹೊಂಡದ ಹತ್ತಿರ, ಗೋಪಾಲಸ್ವಾಮಿ ಹೊಂಡದ ದಡದಲ್ಲಿ, ಏಕನಾಥೇಶ್ವರಿ ಗುಡಿಯ ಹಿಂದೆ ಕೂತು ಬರೆದಿದ್ದೇನೆ. ಚಂದ್ರವಳ್ಳಿಯ ಕಡೆಯಿಂದಲೂ ಬರೆದಿದ್ದೇನೆ. ಏಳು ಸುತ್ತಿನ ಕೋಟೆ ಅಂತಾರೆ. ನನ್ನ ಕಣ್ಣಿಗೆ ಬಿದ್ದಿದ್ದು ಗೋಡೆಗಿಂತ ಗೋಡೆ ಮತ್ತು ಬಂಡೆ ಸೇರುವ ಜಾಗ. ಕಟ್ಟಿದವರು ಬಂಡೆಯನ್ನು ಒಡೆದು ದಾರಿ ಮಾಡಿಕೊಳ್ಳುವ ಬದಲು, ಅದನ್ನೇ ಗೋಡೆಯ ಭಾಗ ಮಾಡಿಕೊಂಡು ಮುಂದೆ ಹೋಗಿದ್ದಾರೆ. ಎಲ್ಲಿ ಕೈಕೆಲಸ ಮುಗಿಯಿತು, ಎಲ್ಲಿ ಬೆಟ್ಟ ಶುರುವಾಯಿತು ಅಂತ ಹತ್ತಿರ ಹೋಗಿ ಮುಟ್ಟಿ ನೋಡಬೇಕು. ಆ ಒಂದು ಗೆರೆಯನ್ನು ಸರಿಯಾಗಿ ಬರೆಯಲು ನನಗೆ ಆರೇಳು ವರ್ಷ ಹಿಡಿಯಿತು. ಈಗಲೂ ಹತ್ತರಲ್ಲಿ ಮೂರು ಚಿತ್ರದಲ್ಲಿ ಬರುತ್ತದೆ.

ಚಿತ್ರದಲ್ಲಿ ಓಬವ್ವ ಯಾಕಿಲ್ಲ?

ನೀವು ನೋಡುವಾಗ ಆಕೆ ಗಂಡನಿಗೆ ಊಟ ಬಡಿಸುತ್ತಿದ್ದಳು. ಸ್ವಲ್ಪ ತಡೆದು ಬನ್ನಿ.

ಹೊರಗಿಂದ ಬಂದವರಿಗೆ ಇಲ್ಲಿಯ ನೆಲ ಬರೆಯಲು ಆಗುತ್ತಾ?

ಒಂದು ಪ್ರದರ್ಶನದಲ್ಲಿ ಒಬ್ಬರು ಇದನ್ನು ನೇರವಾಗಿ ಕೇಳಿದರು. ಬೇಜಾರಾಯಿತು, ಸುಳ್ಳು ಹೇಳಲ್ಲ. ನಾಲ್ಕು ತಲೆಮಾರು ಇಲ್ಲಿಯ ನೀರು ಕುಡಿದ ಮೇಲೂ ಹೊರಗಿಂದ ಬಂದವರೇ?

ಆಗ ಹೊಳೆಯದ ಉತ್ತರ ಈಗ ಕೊಡುತ್ತೇನೆ. ಸ್ವೆತೋಸ್ಲಾವ್ ರೋರಿಕ್ ಹುಟ್ಟಿದ್ದು 1904ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ನೆಲೆಸಿದ್ದು ಬೆಂಗಳೂರಿನ ಹೊರಗೆ, ಕನಕಪುರ ರಸ್ತೆಯ ತಾತಗುಣಿಯಲ್ಲಿ. ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳನ್ನು ನೋಡಿ ಬನ್ನಿ. ಇನ್ನೊಂದು ಕಡೆ, ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಇದೇ ನೆಲದಲ್ಲಿ ಹುಟ್ಟಿ ಮೈಸೂರಿಗೆ ಹೋದರು. ಅಲ್ಲಿ ಜಾನಪದ ವಸ್ತುಸಂಗ್ರಹಾಲಯಕ್ಕೆ ದುಡಿದರು, ಚಿತ್ರವನ್ನೂ ಬರೆದರು. ಬಂದವರೂ ಬರೆದರು, ಹೋದವರೂ ಬರೆದರು. ದಾವಣಗೆರೆಯನ್ನೇ ತೆಗೆದುಕೊಳ್ಳಿ. ಹತ್ತಿ ಮಿಲ್ಲಿಗೆ ಬಂದವರು, ಅಂಗಡಿ ಇಟ್ಟ ಮಾರವಾಡಿಗಳು, ಭದ್ರಾ ನಾಲೆ ನೀರು ಹರಿದ ಮೇಲೆ ಆಂಧ್ರದಿಂದ ಬಂದು ಕ್ಯಾಂಪ್ ಹಾಕಿದ ರೈತರು. ಬಂದವರನ್ನೆಲ್ಲ ಅಳಿಸಿದರೆ ಚೌಕಿಪೇಟೆಯಲ್ಲಿ ಬೆಣ್ಣೆ ದೋಸೆ ತಿನ್ನಲು ಕ್ಯೂ ಇರುವುದಿಲ್ಲ.

ನಿಮ್ಮ ಹಿರಿಯರ ವಲಸೆಯ ಬಗ್ಗೆ ಏನಾದರೂ ಬರೆದಿದ್ದೀರಾ?

ಮೂರು ಸಲ ಶುರು ಮಾಡಿದೆ. ರೈಲು, ಗಂಟುಮೂಟೆ, ತಲೆ ಮೇಲೆ ಸೆರಗು ಹೊದ್ದ ಹೆಂಗಸರು. ಮೂರೂ ಕ್ಯಾಲೆಂಡರ್ ಚಿತ್ರದ ಥರ ಬಂದವು, ಅಳಿಸಿಬಿಟ್ಟೆ. ನಾನು ಕಣ್ಣಲ್ಲಿ ನೋಡದ್ದು ನನ್ನ ಕೈಗೆ ಬರುವುದಿಲ್ಲ.

ಆಮೇಲೆ ಮನೆಯಲ್ಲಿ ಉಳಿದಿರುವ ಒಂದು ಅಚ್ಚನ್ನು ಬರೆದೆ. ಅಂಗೈ ಅಗಲದ ಮರದ ತುಂಡು. ಒಂದು ಮಾವಿನಕಾಯಿ ಆಕಾರ, ಅದರೊಳಗೆ ಚುಕ್ಕಿಗಳು. ಒಂದು ಮೂಲೆ ಇಲಿ ಕಡಿದಿದೆ. ಹಿಂದೆ ಹಿಡಿಯುವ ಜಾಗದಲ್ಲಿ ಮರ ಸವೆದು ಕುಳಿ ಬಿದ್ದಿದೆ, ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಯಾರದೋ ಸಣ್ಣ ಕೈ. ಹೆಂಗಸಿನದೇ ಇರಬೇಕು ಅಂತ ಮಗಳು ಅಂತಾಳೆ. ಆ ಕುಳಿಯನ್ನು ಮಾತ್ರ ದೊಡ್ಡದಾಗಿ, ಮೂರು ಅಡಿ ಕ್ಯಾನ್ವಾಸಿನಲ್ಲಿ ಬರೆದಿದ್ದೇನೆ. ನೋಡಿದವರು "ಇದು ದುರ್ಗದ ಯಾವ ಹೊಂಡ?" ಅಂತ ಕೇಳುತ್ತಾರೆ.

ಒಂದು ಚಿತ್ರಕ್ಕೆ ಎಷ್ಟು?

ಸಣ್ಣದಕ್ಕೆ ಮೂರು ಸಾವಿರದಿಂದ ಶುರು. ಚೌಕಾಸಿ ಮಾಡಿ, ತಪ್ಪಿಲ್ಲ, ನಾನೂ ಸೊಪ್ಪಿನವಳ ಹತ್ತಿರ ಮಾಡುತ್ತೇನೆ. ಆದರೆ "ಪ್ರಿಂಟ್ ಆದ್ರೆ ಇನ್ನೂರಕ್ಕೆ ಸಿಗುತ್ತೆ" ಅಂದರೆ ಪ್ರಿಂಟೇ ತಗೊಳ್ಳಿ. ಜನವರಿಯ ಚಿತ್ರಸಂತೆಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಹೋಗುತ್ತೇನೆ, ಅಲ್ಲಿ ಫುಟ್‌ಪಾತ್ ಮೇಲೆ ಸಿಗುತ್ತೇನೆ.

ಫೋಟೋ ನೋಡಿ ನಮ್ಮ ತಂದೆಯ ಚಿತ್ರ ಬರೆದು ಕೊಡ್ತೀರಾ?

ಕೊಡುತ್ತೇನೆ. ಆದರೆ ಚೆಂದ ಮಾಡಿ ಅಂತ ಕೇಳಬೇಡಿ. ಒಮ್ಮೆ ಒಬ್ಬ ಹುಡುಗ ತೀರಿಹೋದ ಅಪ್ಪನ ಫೋಟೋ ತಂದ. ಮುಖದ ತುಂಬ ಸಿಡುಬಿನ ಕಲೆ. "ಅದನ್ನ ತೆಗೆದುಬಿಡಿ ಸಾರ್" ಅಂದ. ತೆಗೆದೆ, ನುಣ್ಣಗೆ ಮಾಡಿದೆ. ಆತನ ತಾಯಿ ಬಂದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಪ್ಪಾ ಇವರು?" ಅಂದರು. ಮತ್ತೆ ಒಂದೊಂದೇ ಕಲೆ ಇಟ್ಟೆ. ಆ ತಾಯಿ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತು, "ಇಲ್ಲೊಂದು, ಮೂಗಿನ ಹತ್ರ ಇನ್ನೊಂದು" ಅಂತ ತೋರಿಸಿದರು. ಫೋಟೋದಲ್ಲಿ ಕಾಣದ ಎರಡು ಕಲೆಯನ್ನೂ ಇಡಿಸಿದರು.

ಮಕ್ಕಳಿಗೆ ಕಲಿಸ್ತೀರಾ?

ಭಾನುವಾರ ಬೆಳಗ್ಗೆ. ಹಣ ಬೇಡ, ಹಳೇ ಪೇಪರ್ ತನ್ನಿ. ಸ್ಪರ್ಧೆಗೆ ತಯಾರಿ ಮಾಡಿಸುವುದಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು ಬರೆದವರನ್ನು ಹೊರಗೆ ಕರೆದುಕೊಂಡು ಹೋಗಿ ನಿಜವಾದ ಗುಡ್ಡ ತೋರಿಸುತ್ತೇನೆ. ಆವರಗೊಳ್ಳದ ದಾರಿಯಲ್ಲಿ ಗುಡ್ಡವೇ ಇಲ್ಲ, ಅದೊಂದು ತೊಂದರೆ.

ಈ ವಯಸ್ಸಲ್ಲಿ ಕಣ್ಣು ಕಾಣುತ್ತಾ?

ಈಗ ಚೆನ್ನಾಗಿ ಕಾಣುತ್ತದೆ. ಪೊರೆ ಬಂದಿತ್ತು, ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ನರ್ಸಮ್ಮನ ಬಿಳಿ ಬಟ್ಟೆ ನೀಲಿಯಾಗಿ ಕಂಡಿತು. ಪೊರೆ ಬಂದ ಕಣ್ಣಿಗೆ ಎಲ್ಲ ಹಳದಿ ಮಂಕಾಗಿರುತ್ತದಂತೆ, ಅದನ್ನು ತೆಗೆದ ಕೂಡಲೇ ನೀಲಿ ನುಗ್ಗಿ ಬರುತ್ತದೆ. ಮನೆಗೆ ಬಂದು ಹಿಂದಿನ ನಾಲ್ಕು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದೆ. ಬೆಳಗಿನ ಬಂಡೆ ಅಂತ ಬರೆದದ್ದೆಲ್ಲ ಕೆಸರು. ಗುಲಾಬಿ ಅಂದುಕೊಂಡದ್ದು ಇಟ್ಟಿಗೆ. ಎರಡು ದಿನ ಊಟ ಸೇರಲಿಲ್ಲ.

ತಿದ್ದಬೇಕು ಅಂತ ಬಣ್ಣ ಬೆರೆಸಿದೆ. ಮಗಳು ತಡೆದಳು. "ಆಗ ನಿಮಗೆ ಕಂಡದ್ದು ಹಾಗೇ ಅಲ್ವಾ, ಬಿಡಿ" ಅಂದಳು. ಒಂದನ್ನು ಬಿಟ್ಟಿದ್ದೇನೆ. ಉಳಿದವನ್ನು ಆಕೆ ಇಲ್ಲದಾಗ ತಿದ್ದಿದೆ.

ಅಂಗಡಿ ಯಾವಾಗ ತೆರೆದಿರುತ್ತದೆ?

ಹತ್ತರಿಂದ ಒಂದೂವರೆ, ನಾಲ್ಕರಿಂದ ಏಳೂವರೆ. ಬಾಗಿಲು ತೆರೆದಿದ್ದು ನಾನಿಲ್ಲದಿದ್ದರೆ ಎದುರು ಚಹಾ ಅಂಗಡಿಯಲ್ಲಿ ಕೇಳಿ. ಮಂಗಳವಾರ ದುರ್ಗಕ್ಕೆ ಹೋಗಿರುತ್ತೇನೆ. ಒಳಗೆ ಗೋಡೆಗೆ ಒರಗಿಸಿಟ್ಟಿರುವ ಚಿತ್ರಗಳನ್ನು ನೋಡಿ, ಆದರೆ ಮುಟ್ಟಬೇಡಿ. ಎಣ್ಣೆ ಬಣ್ಣ, ಇನ್ನೂ ಹಸಿ ಇರುತ್ತದೆ.